ಪಟ್ಟು ಕಡಿಮೆ, ಅಭ್ಯಾಸ ಜಾಸ್ತಿ
ಆತ್ಮರಕ್ಷಣೆ ತರಗತಿಯಲ್ಲಿ ದಿನಕ್ಕೊಂದು ಹೊಸ ಪಟ್ಟು ಕಲಿಸಬೇಕು ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಕರಾಟೆ ಮೇಡಂ ಮೊದಲ ವಾರವಿಡೀ ಒಂದೇ ಪಾಠ ಮಾಡಿದರು: ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು. ಹಿಡಿದವರ ಹೆಬ್ಬೆರಳೂ ಉಳಿದ ಬೆರಳುಗಳ ತುದಿಯೂ ಸೇರುವ ಕಡೆ ಹಿಡಿತ ಸಡಿಲ. ಅತ್ತ ಕೈ ತಿರುಗಿಸಿ, ಮೊಣಕೈ ಮಡಚಿ ಎಳೆಯಬೇಕು. ಮೊದಲು ಜೊತೆಗಾತಿ ಸುಮ್ನೆ ಹಿಡಿದಿರುತ್ತಿದ್ದಳು. ಆಮೇಲೆ ಗಟ್ಟಿಯಾಗಿ. ಕೊನೆಗೆ ನಾವು ಕಣ್ಣು ಮುಚ್ಚಿ ನಿಂತಾಗ, ಯಾವ ಕಡೆಯಿಂದ ಅಂತ ಗೊತ್ತಾಗದ ಹಾಗೆ. ನೋವಾದರೆ ಎರಡು ಸಲ ತಟ್ಟಬೇಕು, ತಕ್ಷಣ ಬಿಡಬೇಕು. ಆ ನಿಯಮ ಇದ್ದದ್ದಕ್ಕೇ ನಮಗೆ ಧೈರ್ಯ ಬಂತು. ಇನ್ನೊಂದು, ಕೂಗುವುದನ್ನೂ ಕಲಿಸಬೇಕು, ಅಲ್ವಾ? ನನ್ನ ತಂಗಿಗೆ ಎರಡು ದಿನ ದನಿಯೇ ಹೊರಡಲಿಲ್ಲ. ಮೂರನೇ ದಿನ ‘ಬಿಡು!’ ಅಂತ ಕಿರುಚಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು.