ರಾಣೆ ತೆರೆದ ದಾರಿ, ಅರ್ಗಾದಲ್ಲಿ ಮುಚ್ಚಿದ ದಾರಿ

ಕಳೆದ ಭಾನುವಾರ ಬೆಳಿಗ್ಗೆ ಅಕ್ಕನ ಮಗನ ಜೊತೆ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿದ್ದೆ. ಅವನಿಗೆ ಈಗ ಹದಿನೆಂಟು. ಅಗ್ನಿವೀರ್ ಆಗಬೇಕು ಅಂತ ದಿನಾ ಮರಳಿನ ಮೇಲೆ ಓಡುತ್ತಾನೆ. ಓಟ ಮುಗಿಸಿ ಬಂದವನು ಮೇಜರ್ ರಾಣೆಯವರ ಪ್ರತಿಮೆ ನೋಡುತ್ತಾ, "ಮಾಮ, ಇವರು ಎಷ್ಟು ಜನ ಶತ್ರುಗಳನ್ನ ಹೊಡೆದಿದ್ರು?" ಅಂತ ಕೇಳಿದ.

"ಇವರಿಗೆ ಪರಮವೀರ ಚಕ್ರ ಕೊಟ್ಟಿದ್ದು ರಸ್ತೆ ಬಿಡಿಸಿದ್ದಕ್ಕೆ ಮಾರಾಯ" ಅಂದೆ. ಅವನು ನಂಬಲಿಲ್ಲ. ಅಲ್ಲೇ ಕೂತು ಪೂರ್ತಿ ಕಥೆ ಹೇಳಿದೆ.

ರಾಮ ರಾಘೋಬಾ ರಾಣೆ ನಮ್ಮ ಚೆಂಡಿಯಾದವರು. ಹುಟ್ಟಿದ್ದು 1918ರಲ್ಲಿ. ಅವರಿದ್ದದ್ದು ಬಾಂಬೆ ಸ್ಯಾಪರ್ಸ್‌ನಲ್ಲಿ, ಅಂದರೆ ಸೈನ್ಯದ ಎಂಜಿನಿಯರ್ ಪಡೆಯಲ್ಲಿ. ಸೇತುವೆ ಕಟ್ಟುವುದು, ನೆಲಬಾಂಬ್ ತೆಗೆಯುವುದು, ರಸ್ತೆ ಮಾಡುವುದು ಅವರ ಕೆಲಸ. 1948ರ ಏಪ್ರಿಲ್‌ನಲ್ಲಿ, ಕಾಶ್ಮೀರದ ಯುದ್ಧದ ಹೊತ್ತಿನಲ್ಲಿ, ನಮ್ಮ ಸೈನ್ಯ ಜಮ್ಮು ಕಡೆಯ ನೌಶೇರಾದಿಂದ ರಜೌರಿಗೆ ಹೋಗಬೇಕಿತ್ತು. ದಾರಿ ತುಂಬಾ ನೆಲಬಾಂಬ್, ಅಡ್ಡ ಕೆಡವಿದ ದೊಡ್ಡ ದೊಡ್ಡ ಪೈನ್ ಮರಗಳು. ಕೆಲಸ ಶುರು ಮಾಡಿದ ದಿನವೇ ಮಾರ್ಟರ್ ದಾಳಿಯಲ್ಲಿ ಅವರ ಇಬ್ಬರು ಸತ್ತರು, ಐದು ಜನಕ್ಕೆ ಗಾಯ. ಆ ಐದರಲ್ಲಿ ರಾಣೆಯವರೂ ಒಬ್ಬರು. ಆದರೂ ಕೆಲಸ ನಿಲ್ಲಿಸಲಿಲ್ಲ. ಗುಂಡಿನ ಮಳೆ ಜೋರಾದಾಗ ಟ್ಯಾಂಕಿನ ಅಡಿಗೆ ನುಗ್ಗಿ, ಅದರ ಜೊತೆಗೇ ತೆವಳುತ್ತಾ ಹೋದರು. ನಿಲ್ಲು, ಹೊರಡು ಅಂತ ಡ್ರೈವರ್‌ಗೆ ಹೇಳಲು ಹಗ್ಗ ಎಳೆದು ಸನ್ನೆ ಮಾಡುತ್ತಿದ್ದರು. ಏಪ್ರಿಲ್ 11ರಂದು ಒಂದೇ ದಿನ 17 ಗಂಟೆ ದುಡಿದರು. ಮರುದಿನ ಸೈನ್ಯ ರಜೌರಿ ತಲುಪಿತು. ಪರಮವೀರ ಚಕ್ರ ಬದುಕಿರುವಾಗಲೇ ಸಿಕ್ಕ ಮೊದಲ ಸೈನಿಕ ಅವರು.

ಹುಡುಗ ಸುಮ್ಮನೆ ಕೂತ. ನನಗೆ ಮಾತ್ರ ಆಮೇಲೆ ನಮ್ಮ ಮನೆಯ ನೆನಪು ಶುರುವಾಯಿತು. ಯಾಕಂದರೆ ಜನರಿಗಾಗಿ ದಾರಿ ಬಿಡಿಸಿದ ರಾಣೆಯವರ ಊರಿನ ಪಕ್ಕದಲ್ಲೇ ನಮ್ಮ ಮನೆಗೆ ಹೋಗುವ ದಾರಿ ಮುಚ್ಚಿದೆ.

ನಮ್ಮದು ಅರ್ಗಾ, ಸಮುದ್ರದ ಬದಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸೀಬರ್ಡ್ ಅನ್ನುವ ನೌಕಾನೆಲೆ ಯೋಜನೆಗಾಗಿ ಮನೆ ಬಿಟ್ಟೆವು. ಆಗ ನಾವು "ಸೀಬರ್ಡ್ ನಿರಾಶ್ರಿತರು" ಆದೆವು. ಈಗಲೂ ಅರ್ಜಿ ಬರೆಯುವಾಗ ಅದೇ ಪದ ಬರೆಯಬೇಕು.

ಕಾರವಾರವನ್ನು ಆರಿಸಿದ್ದು ಯಾಕೆ ಅನ್ನೋದು ನನಗೆ ಅರ್ಥವಾಗುತ್ತದೆ. ಮುಂಬೈ ಬಂದರಿನಲ್ಲಿ ವ್ಯಾಪಾರದ ಹಡಗು, ಮೀನುಗಾರರ ಹಡಗು, ಯುದ್ಧನೌಕೆ ಎಲ್ಲ ಒಟ್ಟಿಗೆ ತುಂಬಿಕೊಂಡಿದ್ದವು. ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆಗೇ ಬೇರೆ ಜಾಗ ಬೇಕು ಅನ್ನುವುದು 1971ರ ಯುದ್ಧ ಕಲಿಸಿದ ಪಾಠ. ಎಂಬತ್ತರ ದಶಕದ ಮೊದಲಲ್ಲಿ ಅಡ್ಮಿರಲ್ ಡಾಸನ್ ಕಾರವಾರದ ಯೋಜನೆ ಮುಂದಿಟ್ಟರು. ಇಲ್ಲಿ ಆಳವಾದ ಸಮುದ್ರ, ಹಿಂದೆ ಗುಡ್ಡ, ಮುಂದೆ ಅಂಜುದೀವ್ ದ್ವೀಪ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಅನ್ನುವ ಹೆಸರಿನಲ್ಲಿ ನೌಕಾನೆಲೆ ಶುರುವಾಯಿತು. ಸುಮಾರು 11 ಸಾವಿರ ಎಕರೆ ಹೋಯಿತು, ನಾಲ್ಕು ಸಾವಿರಕ್ಕೂ ಜಾಸ್ತಿ ಕುಟುಂಬಗಳು ಎದ್ದು ಬಂದವು.

ಅಂಜುದೀವ್ ಬಗ್ಗೆ ಒಂದು ಮಾತು. ಈ ಪುಟ್ಟ ದ್ವೀಪದಲ್ಲಿ ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿದರು. 1660ರ ದಶಕದಲ್ಲಿ ಪೋರ್ಚುಗೀಸರಿಂದ ಮುಂಬೈ ಕೈಗೆ ಸಿಗಲಿ ಅಂತ ಕಾಯುತ್ತಾ ಇಂಗ್ಲಿಷ್ ಸೈನಿಕರು ಇಲ್ಲೇ ಕೂತರು, ಬಹುಪಾಲು ಜನ ಯುದ್ಧವನ್ನೇ ಕಾಣದೆ ಕಾಯಿಲೆ ಬಂದು ಸತ್ತರು. 1961ರ ನವೆಂಬರ್‌ನಲ್ಲಿ, ಗೋವಾದ ಹಾಗೆ ದ್ವೀಪವೂ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ, ಇಲ್ಲಿಂದ ಹಾರಿಸಿದ ಗುಂಡಿಗೆ ನಮ್ಮ ಕಡೆಯ ಮೀನುಗಾರನೊಬ್ಬ ಬಲಿಯಾದ. ಡಿಸೆಂಬರ್ 18ರಂದು ನಮ್ಮ ನಾವಿಕರು ದ್ವೀಪಕ್ಕೆ ಇಳಿದಾಗ ಏಳು ಜನ ಪ್ರಾಣ ಕೊಟ್ಟರು. ಅವರನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅವರು ಬಿಡಿಸಿದ ದ್ವೀಪದ ಹಳೆಯ ಇಗರ್ಜಿಯ (ಚರ್ಚಿನ) ಹಬ್ಬಕ್ಕೆ ಜನ ದೋಣಿಯಲ್ಲಿ ಹೋಗುತ್ತಿದ್ದರು. ನೌಕಾನೆಲೆ ಬಂದ ಮೇಲೆ ಆ ದಾರಿಯೂ ಮುಚ್ಚಿತು.

ನೇವಿಯವರ ಮೇಲೆ ನನಗೆ ದ್ವೇಷ ಇಲ್ಲ. ಹೇಗೆ ಇರಲು ಸಾಧ್ಯ? 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುವಾಗ ದೋಣಿ ಮಗುಚಿ 16 ಜನ ಹೋದರು. ಆಗ ಹುಡುಕಲು ಸಮುದ್ರಕ್ಕೆ ಇಳಿದವರಲ್ಲಿ ಅವರೂ ಇದ್ದರು. 2020ರಲ್ಲಿ ಕೊರೊನಾ ಅಂದರೆ ಊರಿಗೆ ಊರೇ ನಡುಗುತ್ತಿತ್ತು. ಆಗ ಭಟ್ಕಳದ ಮೊದಲ ರೋಗಿಗಳನ್ನು ನೌಕಾಪಡೆಯ ಪತಂಜಲಿ ಆಸ್ಪತ್ರೆ ಒಳಗೆ ಕರೆದುಕೊಂಡಿತು, ಗುಣಪಡಿಸಿ ಮನೆಗೆ ಕಳಿಸಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿ ನದಿ ಕೆಂಪಾಗಿ ಉಕ್ಕಿ ಹರಿಯುತ್ತಿತ್ತು. ಸೈನ್ಯ ಬಂತು, ನೌಕಾಪಡೆಯ ಮುಳುಗುಗಾರರು ಬಂದರು. ಆ ಮಳೆಯಲ್ಲಿ, ಆ ಸೆಳೆತದಲ್ಲಿ ನೀರಿಗಿಳಿಯುವುದನ್ನು ನಾನು ದಡದಲ್ಲಿ ನಿಂತು ನೋಡಿದ್ದೇನೆ. ಅದೂ ಯುದ್ಧವೇ ಅಲ್ವಾ?

ಮೀನುಗಾರರ ಜೊತೆಗಿನ ಸಂಬಂಧವೂ ಬದಲಾಗಿದೆ. 2008ರ ಮುಂಬೈ ದಾಳಿಕೋರರು ಮೀನುಗಾರರ ದೋಣಿ ಹಿಡಿದೇ ಬಂದಿದ್ದರು. ಆಮೇಲೆ ಮೀನುಗಾರರಿಗೆ ಬಯೊಮೆಟ್ರಿಕ್ ಕಾರ್ಡ್ ಬಂತು, ಸಮುದ್ರದಲ್ಲಿ ಏನಾದರೂ ಅನುಮಾನ ಬಂದರೆ ತಿಳಿಸಿ ಅಂತ ಊರೂರಿನಲ್ಲಿ ಸಭೆ ಮಾಡಿದರು. ನೀವೇ ನಮ್ಮ ಕಣ್ಣು, ಕಿವಿ ಅಂದರು. ಒಳ್ಳೆಯದು. ಆದರೆ ಅದೇ ಕಣ್ಣು ಕಿವಿಗಳ ಮನೆಯವರು ಪರಿಹಾರಕ್ಕಾಗಿ ಕೋರ್ಟಿನಿಂದ ಕೋರ್ಟಿಗೆ ಹೋದರು. ಅಪ್ಪ ಚಪ್ಪಲಿ ಸವೆಸಿದ. ಒಂದು ಕಚೇರಿಯಲ್ಲಿ ಅಜ್ಜನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ ಅಂತ ಎರಡು ವರ್ಷ ತಿರುಗಿಸಿದರು. ದಡದಲ್ಲಿ ನಿಂತು ರಂಪಣಿ ಅನ್ನುವ ದೊಡ್ಡ ಬಲೆ ಎಳೆದು ಬದುಕಿದ ಮನುಷ್ಯನಿಗೆ ದುಡ್ಡು ಕೊಟ್ಟು ಕಾಲೋನಿಯಲ್ಲಿ ಸೈಟು ಕೊಟ್ಟರೆ ಸಮುದ್ರ ಕೊಟ್ಟ ಹಾಗಾಗುವುದಿಲ್ಲ. ದಡವೇ ಇಲ್ಲದಿದ್ದರೆ ಬಲೆ ಎಳೆಯುವುದು ಎಲ್ಲಿ?

ನೇವಿಯನ್ನು ಪ್ರೀತಿಸುವವರು ನಿರಾಶ್ರಿತರ ಬಗ್ಗೆ ಮಾತಾಡಬಾರದು, ನಿರಾಶ್ರಿತರ ಪರ ಇರುವವರು ನೇವಿಯನ್ನು ಹೊಗಳಬಾರದು ಅನ್ನುವ ಗೆರೆ ಯಾರು ಎಳೆದರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಎರಡೂ ಇದೆ. ಅಜ್ಜಿಯ ಮನೆ ನೆಲೆಯೊಳಗೆ ಹೋಯಿತು, ಮೊಮ್ಮಗಳ ಮಗ ಅದೇ ಸೈನ್ಯ ಸೇರಲು ಓಡುತ್ತಿದ್ದಾನೆ. ಸೇರಿದರೂ ನಾಲ್ಕೇ ವರ್ಷ. ಆಮೇಲೆ ನೂರಕ್ಕೆ ಇಪ್ಪತ್ತೈದು ಜನರಿಗಷ್ಟೇ ಮುಂದೆ ಕೆಲಸ, ಉಳಿದವರು ಸುಮಾರು 11.71 ಲಕ್ಷ ಹಿಡಿದು ಊರಿಗೆ ಬರುತ್ತಾರೆ. ಹಿಂದೆ ಪೆನ್ಶನ್ ಜೊತೆ ಬರುತ್ತಿದ್ದ ಮಾಜಿ ಸೈನಿಕ ಬೇರೆ, ಇಪ್ಪತ್ತೆರಡರಲ್ಲೇ ಮತ್ತೆ ಕೆಲಸ ಹುಡುಕುವ ಹುಡುಗ ಬೇರೆ. ನಮ್ಮ ಜಿಲ್ಲೆಯಲ್ಲೇ ಅವನಿಗೆ ಕೆಲಸ ಬೇಕು, ನೌಕಾನೆಲೆಯಲ್ಲಿ ನಿರಾಶ್ರಿತರ ಮಕ್ಕಳಿಗೆ ಮೊದಲ ಅವಕಾಶ ಬೇಕು. ಇದನ್ನು ಜೋರಾಗಿಯೇ ಕೇಳುತ್ತೇನೆ.

ಇನ್ನೊಂದು ಸಣ್ಣ ಕೋರಿಕೆಯೂ ಇದೆ. ಡಿಸೆಂಬರ್ 4 ನೌಕಾಪಡೆ ದಿನ. ಆ ವಾರದಲ್ಲಿ ಒಂದು ದಿನ, ಹೆಸರು ಬರೆದುಕೊಂಡು, ಗುರುತಿನ ಚೀಟಿ ನೋಡಿ, ಫೋನು ಹೊರಗಿಡಿಸಿಯೇ ಆಗಲಿ, ಊರು ಬಿಟ್ಟ ಹಿರಿಯರನ್ನು ಬಸ್ಸಿನಲ್ಲಿ ಒಳಗೆ ಕರೆದುಕೊಂಡು ಹೋಗಿ. ಯುದ್ಧನೌಕೆ ತೋರಿಸುವುದು ಬೇಡ. ಅವರ ಜಾಗ ತೋರಿಸಿ. ನಮ್ಮಜ್ಜಿಗೆ 86. "ಬಾವಿಕಟ್ಟೆ ಇದ್ಯಾ ನೋಡ್ಬೇಕಿತ್ತು" ಅಂತ ಮಳೆಗಾಲ ಬಂದಾಗೆಲ್ಲ ಹೇಳುತ್ತಾಳೆ.

ಅರ್ಗಾ, ಅಲಿಗದ್ದಾ ಕಡೆಯ ಹಳೆಯ ಫೋಟೊ ಯಾರ ಹತ್ತಿರವಾದರೂ ಇದ್ದರೆ ಇಲ್ಲಿ ಹಾಕಿ. ಮದುವೆ ಫೋಟೊ ಆದರೂ ಸರಿ, ಹಿಂದೆ ಮನೆ, ದೋಣಿ, ತೆಂಗಿನ ಮರ ಕಂಡರೆ ಸಾಕು. ಅಜ್ಜಿಗೆ ತೋರಿಸುತ್ತೇನೆ.