ಸತ್ಯಾಂಶ: ನೆನೆದವರಿಂದ ಫೋನ್ ಬಂದರೆ ಅದು ಕ್ವಾಂಟಮ್ ನಂಟೇ?

"ದೂರದಲ್ಲಿರುವವರನ್ನು ನೆನೆದ ತಕ್ಷಣ ಅವರಿಂದಲೇ ಫೋನ್ ಬರುವುದು ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್‌ನಿಂದ. ಇದಕ್ಕೆ ನೊಬೆಲ್ ಕೂಡ ಸಿಕ್ಕಿದೆ." ಈ ಮೆಸೇಜ್ ನಿಮಗೂ ಬಂದಿರಬಹುದು.

ನೊಬೆಲ್ ಸಿಕ್ಕಿದ್ದು ನಿಜ. 2022ರಲ್ಲಿ ಅಲೈನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಝೈಲಿಂಗರ್ ಅವರಿಗೆ. ಆದರೆ ಅವರ ಪ್ರಯೋಗ ನಡೆದದ್ದು ಫೋಟಾನ್, ಅಂದರೆ ಬೆಳಕಿನ ಕಣಗಳ ಮೇಲೆ. ಮನಸ್ಸಿನ ಮೇಲಲ್ಲ. ಎಂಟ್ಯಾಂಗಲ್‌ಮೆಂಟ್ ಅಂದರೆ ಕಣಗಳ ನಡುವಿನ ಒಂದು ಬಗೆಯ ನಂಟು. ಹೀಗೆ ನಂಟಿರುವ ಎರಡು ಕಣಗಳನ್ನು ದೂರ ದೂರ ಒಯ್ದು ಅಳೆದರೂ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುತ್ತವೆ. 2017ರಲ್ಲಿ ಚೀನಾದ ಮಿಸಿಯಸ್ ಉಪಗ್ರಹ ಕಳಿಸಿದ ಜೋಡಿಗಳಲ್ಲಿ ಸುಮಾರು 1,200 ಕಿ.ಮೀ. ಅಂತರದಲ್ಲೂ ಇದು ಕಂಡಿತು. ವಿಚಿತ್ರವೇ, ಅಲ್ವಾ?

ಹಾಗಂತ ಇದರಿಂದ ಸಂದೇಶ ಕಳಿಸಲು ಆಗುವುದಿಲ್ಲ. ಅಳೆದಾಗ ಯಾವ ಉತ್ತರ ಬರಬೇಕು ಅಂತ ನಾವು ಆರಿಸುವಂತಿಲ್ಲ. ಆ ಕಡೆಯವರಿಗೆ ಕಾಣುವುದು ಸುಮ್ನೆ ಗೊತ್ತುಗುರಿಯಿಲ್ಲದ ಅಂಕಿಗಳು. ಎರಡೂ ಕಡೆಯ ಅಂಕಿಗಳನ್ನು ಫೋನ್, ಇಂಟರ್ನೆಟ್‌ನಂಥ ಮಾಮೂಲಿ ದಾರಿಯಲ್ಲಿ ತರಿಸಿ ಹೋಲಿಸಿದ ಮೇಲಷ್ಟೇ ತಾಳೆ ಗೊತ್ತಾಗುತ್ತದೆ. ಫಾರ್ವರ್ಡ್‌ಗಳು ಜಾಣತನದಿಂದ ಬಿಡುವುದು ಇದನ್ನೇ.

ಇನ್ನು ಮೆದುಳು. ಅದು ಬೆಚ್ಚಗೆ, ಒದ್ದೆಯಾಗಿದೆ. ಅಣುಗಳು ಸದಾ ಡಿಕ್ಕಿ ಹೊಡೆಯುತ್ತವೆ. ಅಂಥಲ್ಲಿ ಈ ನಂಟು ಕ್ಷಣವೂ ಉಳಿಯದು. ನರಕೋಶಗಳಲ್ಲಿ ಅದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಬೇಗ ಅಳಿಯುತ್ತದೆ ಎಂದು ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 2000ರಲ್ಲಿ ಲೆಕ್ಕ ಹಾಕಿದ್ದರು.

ಮತ್ತೆ ಆ ಫೋನ್? ನೆನೆದರೂ ಫೋನ್ ಬರದ ಸಂದರ್ಭಗಳೇ ಜಾಸ್ತಿ, ಅವು ಮರೆತುಹೋಗುತ್ತವೆ. ಅಲ್ಲದೆ ಆತ್ಮೀಯರು ಯಾವ ಹೊತ್ತಿಗೆ ಫೋನ್ ಮಾಡುತ್ತಾರೆ ಅನ್ನುವುದು ನಮಗೆ ರೂಢಿಯಾಗಿರುತ್ತದೆ. ಅವರ ನೆನಪೂ ಆ ಹೊತ್ತಿಗೇ ಬರುತ್ತದೆ.