ಊರ ಉಸಾಬರಿ ಎಲ್ಲರಿಗೂ ಬೇಕಾ?

ಪರ: ಪಟ್ಟಿ ಗಟ್ಟಿಯಾಗಿ ಓದ್ರಿ

ನಮ್ಮದು ಶಹಾಪುರದ ಕಡೆಯ ಒಂದು ಹಳ್ಳಿ. ಗ್ರಾಮಸಭೆ ಅಂದರೆ ಮೊದಲೆಲ್ಲ ಹತ್ತು ಹದಿನೈದು ಗಂಡಸರು, ಒಂದು ಥರ್ಮಾಸ್ ಚಹಾ, ಒಂದು ನಡಾವಳಿ ಪುಸ್ತಕ. ಸಭೆ ಮುಗಿದ ಮೇಲೆ ಆ ಪುಸ್ತಕ ಸಹಿಗೆ ಅಂತ ಮನೆಮನೆ ತಿರುಗುತ್ತಿತ್ತು. ನಮ್ಮ ಅವ್ವ ಎಷ್ಟು ಸಲ ಹೆಬ್ಬೆಟ್ಟು ಒತ್ತಿದ್ದಾಳೋ, ಏನು ಬರೆದಿದ್ದಾರೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಒಂದು ವರ್ಷ ಮನೆ ಮಂಜೂರಾದವರ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ, ಆರ್‌ಸಿಸಿ ಮನೆ ಇದ್ದವರ ಹೆಸರಿದೆ! ಮುಂದಿನ ಸಭೆಗೆ ಅವ್ವ ಓಣಿಯ ಆರು ಹೆಂಗಸರನ್ನು ಕರಕೊಂಡು ಹೋಗಿ ಕೂತಳು. "ಪಟ್ಟಿ ಗಟ್ಟಿಯಾಗಿ ಓದ್ರಿ" ಅಂದಳು. ಅಷ್ಟೇ. ಓದುತ್ತಿದ್ದ ಹಾಗೇ ಎರಡು ಹೆಸರು ತಾವಾಗಿ ಉದುರಿದವು.

ಸಂವಿಧಾನಕ್ಕೆ 1992ರ 73ನೇ ತಿದ್ದುಪಡಿ ಬಂದಾಗಿನಿಂದ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಯಾರೂ ಅಕ್ಷತೆ ಕೊಟ್ಟು ಕರೆಯಬೇಕಾಗಿಲ್ಲ. ನೀವು ಹೋಗದಿದ್ದರೆ ಕುರ್ಚಿ ಖಾಲಿ ಇರೋದಿಲ್ಲ, ಬೇರೆ ಯಾರೋ ಕೂರುತ್ತಾರೆ. ಇದನ್ನೇ ನಾನು ಹತ್ತು ಸಲ ಹೇಳೋದು.

ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಸಿನ ಅಥೆನ್ಸ್ ನಗರದ ನಾಯಕ ಪೆರಿಕ್ಲಿಸ್, ಊರ ಕೆಲಸದಿಂದ ದೂರ ಇರುವವನನ್ನು ನಾವು ತನ್ನ ಪಾಡಿಗೆ ತಾನಿರುವವ ಅನ್ನೋದಿಲ್ಲ, ಉಪಯೋಗವಿಲ್ಲದವ ಅಂತೀವಿ ಅಂದಿದ್ದ. ಅಲ್ಲಿನ ಸಭೆಯಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗ ಇರಲಿಲ್ಲ, ನಿಜ. ಅದಕ್ಕೇ ನನಗೆ ಬಸವಕಲ್ಯಾಣವೇ ಹತ್ತಿರ. 12ನೇ ಶತಮಾನದ ಅನುಭವ ಮಂಟಪದಲ್ಲಿ ಬಟ್ಟೆ ಒಗೆಯುವ ಮಾಚಿದೇವ ಕೂತ, ದೋಣಿ ನಡೆಸುವ ಚೌಡಯ್ಯ ಕೂತ. ಅಕ್ಕಮಹಾದೇವಿ ಅಲ್ಲಮನ ಪ್ರಶ್ನೆಗೆಲ್ಲ ಎದುರು ನಿಂತು ಉತ್ತರ ಕೊಟ್ಟಳು.

ಇನ್ನು 371(ಜೆ), ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 2012ರಲ್ಲಿ 98ನೇ ತಿದ್ದುಪಡಿ ಆಯಿತು. ಆ ಮೀಸಲಾತಿಯಲ್ಲಿ ಸೀಟು, ನೌಕರಿ ಸಿಕ್ಕ ನಮ್ಮ ಹುಡುಗರೇ ಈಗ "ರಾಜಕೀಯ ನಮಗ್ಯಾಕ್ರಿ" ಅಂತಾರೆ. ಸುಮ್ಮನಿರುವವರ ವಾದ ನನಗೆ ಗೊತ್ತು ಬಿಡಿ. ಸಂಜೆ ಧಾರಾವಾಹಿ ತಪ್ಪಬಾರದು, ಅಷ್ಟೇ.

ವಿರೋಧ: ಹೋಗಿ ಬಂದವನ ಮಾತು

ಸುಮ್ಮನಿರೋದರ ಪರವಾಗಿ ನಾಲ್ಕು ಮಾತು ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಬರೆದರೆ ಸುಮ್ಮನಿದ್ದ ಹಾಗಾಗಲಿಲ್ಲ ಅಲ್ವಾ, ಇರಲಿ.

ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಯಾರ ಕಣ್ಣಿಗೂ ಬೀಳದೆ ಬದುಕಿ ಅಂದ. ರಾಜಕೀಯಕ್ಕೆ ಇಳಿದಿದ್ದರೆ ನಾನು ಎಂದೋ ಸತ್ತಿರುತ್ತಿದ್ದೆ ಅಂದವನು ಸಾಕ್ರಟೀಸ್. ಕ್ರಿ.ಪೂ. 399ರಲ್ಲಿ ಊರವರೇ ಸೇರಿ, ಮತ ಹಾಕಿ ಅವನಿಗೆ ವಿಷ ಕುಡಿಸಿದರು. ಎಲ್ಲರೂ ಭಾಗವಹಿಸಿದರೆ ಹೀಗೂ ಆಗುತ್ತದೆ. ಫ್ರಾನ್ಸಿನ ಚಿಂತಕ ಕಾನ್‌ಸ್ಟಂಟ್ 1819ರ ಒಂದು ಭಾಷಣದಲ್ಲಿ, ಹಳೆಯ ಕಾಲದವರ ಸ್ವಾತಂತ್ರ್ಯ ಸಭೆಯಲ್ಲಿ ಕೂರುವುದು, ಈ ಕಾಲದವರದು ತಮ್ಮ ಪಾಡಿಗೆ ತಾವಿರುವುದು ಅಂದ. ಭಾಷಣದ ಕೊನೆಗೆ ಸ್ವಲ್ಪ ಬೇರೆ ಮಾತೂ ಆಡಿದ, ಅದನ್ನು ಪರದವರು ಹೇಳಿಕೊಳ್ಳಲಿ.

ಪಟ್ಟಿಯಲ್ಲಿ ಹೆಸರು ತಪ್ಪುವ ಮಾತು ಬಂದಿದೆ. ಪಟ್ಟಿ ಸರಿ ಇಡೋದು ನೌಕರರ ಕೆಲಸ, ಅದಕ್ಕೇ ಸಂಬಳ. ಎಲ್ಲರೂ ಮೈಕ್ ಹಿಡಿದರೆ ಹೊಲಕ್ಕೆ ಹೋಗಿ ತೊಗರಿ ರಾಶಿ ಮಾಡುವವರು ಯಾರು?

ನನ್ನ ಕಥೆ ಕೇಳಿ. ಕಲಬುರಗಿಯಲ್ಲಿ ನಮ್ಮ ಬಡಾವಣೆಯ ಸಂಘಕ್ಕೆ ನನ್ನನ್ನು ಖಜಾಂಚಿ ಮಾಡಿದರು. ಮನೆಗೆ ತಿಂಗಳಿಗೆ 100 ರೂಪಾಯಿ, ಬೋರ್‌ವೆಲ್ ಖರ್ಚಿಗೆ. ಏಪ್ರಿಲ್ ಬಿಸಿಲಲ್ಲಿ ಮೋಟಾರ್ ಸುಟ್ಟಿತು. ರಾತ್ರಿ ಹನ್ನೊಂದಕ್ಕೂ ಫೋನು, ನೀರು ಯಾವಾಗ್ರಿ ಅಂತ. ರಿವೈಂಡಿಂಗ್‌ಗೆ 4,200 ರೂಪಾಯಿ ಆಯಿತು. ಎದುರು ಮನೆಯ ಕಾಕಾ ಬಿಲ್ಲನ್ನು ಟ್ಯೂಬ್‌ಲೈಟಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದು ಖರೇ ಬಿಲ್ಲೇನು?" ಅಂದರು. ಇಪ್ಪತ್ತು ವರ್ಷ ಸಂಜೆ ಚಹಾ ಜೊತೆಗೇ ಕುಡಿದವರು! ಅವತ್ತೇ ಚಹಾ ಬಂದ್. ಮಗಳ ಮದುವೆ ಪತ್ರಿಕೆಯನ್ನು ಬೇರೆಯವರ ಕೈಯಲ್ಲಿ ಕಳಿಸಿದರು, ರಸ್ತೆ ದಾಟಿದರೆ ನಮ್ಮ ಮನೆ.

ಸಂಘ ಬಿಟ್ಟು ಈಗ ಎರಡು ವರ್ಷ. ವಾಲ್ವ್ ತಿರುಗಿಸುವ ಕೀಲಿ ಮಾತ್ರ ನಮ್ಮ ಬಾಗಿಲ ಹಿಂದಿನ ಮೊಳೆಗೇ ತೂಗುತ್ತಿದೆ, ಕೇಳಿಕೊಂಡು ಯಾರೂ ಬಂದಿಲ್ಲ. ನೀರು ಬಿಡುವ ದಿನ ಹೋಗಿ ತಿರುಗಿಸಿ ಬರುತ್ತೇನೆ. ಕಾಕಾನ ಮನೆ ಕಡೆಯದನ್ನು ಮೊದಲು.